ಪಕ್ಕದ ಆಫೀಸು ನಮ್ಮ ಟೇಬಲ್ಲಿನ ಡ್ರಾಯರ್ ಅಲ್ಲ

ಬಹಳ ದಿನ ಆಯ್ತು ಬ್ಲಾಗಿನ ಕಡೆ ತಲೆ ಹಾಕಿ. ಆಫೀಸಿನಲ್ಲಿ ಕೆಲಸ ಜಾಸ್ತಿ ಅನ್ನೋದು ಎಲ್ಲರೂ ಹೇಳೋ ಹಳೇ ನೆಪ, ಈ ಸಲ ಮಾತ್ರ ಅದು ನಿಜ. ಆ ಕೆಲಸದ ಬಗ್ಗೆನೇ ಯಾಕೆ ಬರೀಬಾರದು ಅನ್ನಿಸಿ ಕೂತಿದ್ದೀನಿ. "ಓಹೋ, ಟೆಕ್ನಿಕಲ್ಲು" ಅಂತ ಈಗಲೇ ಪುಟ ಮುಚ್ಚಬೇಡಿ. ಕನ್ನಡ ಫಾಂಟಿನ ಹಳೇ ಗೋಳು, ಪಹಣಿ, ತಾಲ್ಲೂಕು ಕಚೇರಿ ಎಲ್ಲಾ ಮುಂದೆ ಬರುತ್ತೆ :)

ನಾನು ಮಾಡೋ ಕೆಲಸಕ್ಕೆ ಇಂಟಿಗ್ರೇಷನ್ ಅಂತಾರೆ. ಒಂದು ದೊಡ್ಡ ಕಂಪನಿಯಲ್ಲಿ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಜನ ಬರೆದ ಸಾಫ್ಟ್‌ವೇರುಗಳು ಇರ್ತವೆ. ಒಂದು ಸಿ ಪ್ಲಸ್ ಪ್ಲಸ್‌ನಲ್ಲಿ, ಒಂದು ಜಾವಾದಲ್ಲಿ, ಇನ್ನೊಂದು ಮೈಕ್ರೋಸಾಫ್ಟಿನ ಡಾಟ್‌ನೆಟ್‌ನಲ್ಲಿ. ಕೆಲವು ಕೋಡಿಗೆ ಹೆಚ್ಚೂಕಮ್ಮಿ ನನ್ನಷ್ಟೇ ವಯಸ್ಸು. ಇವೆಲ್ಲಾ ಒಂದರ ಜೊತೆ ಒಂದು ಮಾತಾಡಬೇಕು. ನಡುವೆ ಕೂತು ಮಾತಾಡಿಸೋ ಸಾಫ್ಟ್‌ವೇರಿಗೇ ಮಿಡ್ಲ್‌ವೇರ್ ಅಂತ ಹೆಸರು.

ನನ್ನ ವಾದ ಏನು ಅಂತ ಮೊದಲೇ ಹೇಳಿಬಿಡ್ತೀನಿ. ಎರಡು ಸಿಸ್ಟಂಗಳನ್ನ ಜೋಡಿಸುವಾಗ ಅವುಗಳ ನಡುವಿನ ದೂರವನ್ನ ಮುಚ್ಚಿಟ್ಟು, "ಎಲ್ಲಾ ಒಂದೇ ಕಣ್ರೀ" ಅಂತ ತೋರಿಸೋ ಮಿಡ್ಲ್‌ವೇರನ್ನ ನಾವು ತುಂಬಾ ಹೊಗಳ್ತೀವಿ. ಆ ಮುಚ್ಚಿಟ್ಟ ದೂರವನ್ನ ಕೊನೆಗೆ ನಡೆದು ಮುಗಿಸೋನು ಯಾರೋ ಒಬ್ಬ ಮನುಷ್ಯ. ನಮ್ಮ ಮಸರಕಲ್ ಕಡೆ ಹೇಳೋದಾದ್ರೆ, ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ಜೆರಾಕ್ಸ್ ಪ್ರತಿಗಳು ಹಿಡಕೊಂಡು ದೇವದುರ್ಗದ ಬಸ್ಸು ಹತ್ತೋ ರೈತ.

ಸ್ವಲ್ಪ ಇತಿಹಾಸ ನೋಡೋಣ. 1989ರಲ್ಲಿ ಓಎಂಜಿ ಅಂತ ಒಂದು ಒಕ್ಕೂಟ ಹುಟ್ಟಿತು. ಅವರು 1991ರಲ್ಲಿ ಕೋರ್ಬಾ ಅನ್ನೋ ಮಾದರಿ ತಂದರು. ಬೇರೆ ಊರಿನ ಕಂಪ್ಯೂಟರಿನಲ್ಲಿರೋ ಒಂದು ಆಬ್ಜೆಕ್ಟನ್ನ ನಮ್ಮ ಪ್ರೋಗ್ರಾಮಿನ ಒಳಗೇ ಇದೆ ಅನ್ನೋ ಥರ ಕರೀಬಹುದು ಅನ್ನೋದು ಅದರ ಆಸೆ. ಎರಡೂ ಕಡೆಯವರು ಐಡಿಎಲ್ ಅನ್ನೋ ಭಾಷೆಯಲ್ಲಿ "ನಾನು ಇಂಥಾ ಕೆಲಸ ಮಾಡ್ತೀನಿ, ಇಂಥಾ ಮಾಹಿತಿ ಕೊಡಿ" ಅಂತ ಒಪ್ಪಂದ ಬರೆದುಕೊಂಡರೆ ಸಾಕು, ಉಳಿದದ್ದು ಮಿಡ್ಲ್‌ವೇರಿನ ಪಾಡು. 1996ರಲ್ಲಿ ಮೈಕ್ರೋಸಾಫ್ಟ್ ತನ್ನದೇ ಡಿಕಾಮ್ ತಂದಿತು. 1997ರಲ್ಲಿ ಜಾವಾದವರು ಆರ್‌ಎಂಐ ಕೊಟ್ಟರು, 1998ರಲ್ಲಿ ಇಜೆಬಿ ಬಂತು. ಮೂರೂ ಹೆಚ್ಚೂಕಮ್ಮಿ ಒಂದೇ ಆಸೆ ಇಟ್ಟುಕೊಂಡವು, ಆದ್ರೆ ಒಂದರ ಮಾತು ಇನ್ನೊಂದಕ್ಕೆ ಅರ್ಥ ಆಗ್ತಿರಲಿಲ್ಲ!

ಇದು ನಮಗೆ, ಅಂದ್ರೆ ಕನ್ನಡದಲ್ಲಿ ಬ್ಲಾಗ್ ಬರೆಯೋರಿಗೆ, ಗೊತ್ತಿಲ್ಲದ ಕಥೆ ಏನಲ್ಲ. ಯೂನಿಕೋಡ್ ಬಳಕೆಗೆ ಬರೋ ಮುಂಚೆ ಒಂದು ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದ್ದು ಒಂದು ಥರ, ಇನ್ನೊಂದರಲ್ಲಿ ಮಾಡಿದ್ದು ಇನ್ನೊಂದು ಥರ, ಪತ್ರಿಕೆಗಳ ವೆಬ್‌ಸೈಟಿನದ್ದು ಮತ್ತೊಂದು ಥರ. ಫಾಂಟ್ ಇಲ್ಲದಿದ್ರೆ ಪರದೆ ಮೇಲೆ ಬರೀ ಕಾಗೆ ಕಾಲು. ಆವಾಗ ಏನು ಮಾಡ್ತಿದ್ರು? ಇದರಿಂದ ಅದಕ್ಕೆ, ಅದರಿಂದ ಇದಕ್ಕೆ ಅಂತ ಕನ್ವರ್ಟರ್ ಬರೀತಿದ್ರು. ಐದು ಥರದ ಎನ್‌ಕೋಡಿಂಗ್ ಇದ್ರೆ, ಪ್ರತಿಯೊಂದರಿಂದ ಪ್ರತಿಯೊಂದಕ್ಕೆ ಒಟ್ಟು 20 ಕನ್ವರ್ಟರ್ ಬೇಕು. ನಡುವೆ ಯೂನಿಕೋಡ್ ಅನ್ನೋ ಒಂದು ಸಾಮಾನ್ಯ ರೂಪ ಇಟ್ಟುಕೊಂಡ್ರೆ ಹೋಗಲಿಕ್ಕೆ ಐದು, ಬರಲಿಕ್ಕೆ ಐದು, ಒಟ್ಟು ಹತ್ತು ಸಾಕು. ಆರನೇದು ಬಂದಾಗ ಇನ್ನೆರಡು ಬರೆದರೆ ಮುಗೀತು.

ಮಿಡ್ಲ್‌ವೇರ್ ಜಗತ್ತಿನಲ್ಲೂ ಇದೇ ಆಯ್ತು. 1996ರ ಕೋರ್ಬಾ 2.0ದಲ್ಲಿ ಐಐಓಪಿ ಅನ್ನೋ ಸಾಮಾನ್ಯ ಪ್ರೋಟೋಕಾಲ್ ಬಂತು. ಆಮೇಲೆ ಜಾವಾದ ಆರ್‌ಎಂಐ ಕೂಡ ಐಐಓಪಿ ಮೇಲೆ ಓಡೋ ಹಾಗೆ ಮಾಡಿದ್ರು. ಡಿಕಾಮ್‌ಗೂ ಕೋರ್ಬಾಕ್ಕೂ ಸೇತುವೆ ಹೇಗೆ ಕಟ್ಟಬೇಕು ಅಂತ ಓಎಂಜಿ ಉದ್ದದ ನಿಯಮಾವಳಿನೇ ಬರೀತು. 2000ದಲ್ಲಿ ಸೋಪ್ ಬಂದಾಗ "ಇನ್ನು ಎಲ್ಲಾ ಜಗಳ ಮುಗೀತು" ಅಂದ್ರು. ತಮಾಷೆ ಅಂದ್ರೆ, ಎಲ್ಲರನ್ನೂ ಜೋಡಿಸೋಕೆ ಬಂದ ಆ ಸೋಪ್ ಬೇರೆ ಬೇರೆ ಕಂಪನಿಗಳ ಕೈಯಲ್ಲಿ ಬೇರೆ ಬೇರೆ ಥರ ಆಗಿ, ಸೋಪನ್ನ ಸೋಪಿನ ಜೊತೆ ಜೋಡಿಸೋಕೆ 2002ರಲ್ಲಿ ಡಬ್ಲ್ಯುಎಸ್-ಐ ಅಂತ ಇನ್ನೊಂದು ಸಂಸ್ಥೆ ಹುಟ್ಟಬೇಕಾಯ್ತು. ಈಗ ರೆಸ್ಟ್, ಜೇಸನ್, ಜಿಆರ್‌ಪಿಸಿ ಕಾಲ. ಜಾವಾ 11ರಿಂದ, ಅಂದ್ರೆ 2018ರಲ್ಲಿ, ಕೋರ್ಬಾವನ್ನ ಕಿತ್ತೇ ಹಾಕಿದ್ರು. ಆದ್ರೆ ಹಳೇ ಸಿಸ್ಟಂಗಳು ಇನ್ನೂ ಓಡ್ತಾ ಇರೋದರಿಂದ ನನ್ನಂಥೋರ ಹೊಟ್ಟೆಪಾಡು ನಡೀತಿದೆ.

ಹಾಗಾದ್ರೆ ಸಾಮಾನ್ಯ ಪ್ರೋಟೋಕಾಲ್ ಬಂದ ಮೇಲೂ ತೊಂದರೆ ಎಲ್ಲಿ ಉಳೀತು?

ಮೊದಲನೇದು, ಅರ್ಥದಲ್ಲಿ. ನಮ್ಮ ಪಹಣಿಯಲ್ಲಿ ಜಮೀನಿನ ಅಳತೆ 2.20 ಅಂತ ಇರುತ್ತೆ ಅಂತಿಟ್ಟುಕೊಳ್ಳಿ. ರೈತನ ಮನೇಲಿ ಹುಟ್ಟಿದ ಯಾರನ್ನ ಕೇಳಿದ್ರೂ ಅದು ಎರಡು ಎಕರೆ ಇಪ್ಪತ್ತು ಗುಂಟೆ, ಅಂದ್ರೆ ಎರಡೂವರೆ ಎಕರೆ. ಯಾಕಂದ್ರೆ 40 ಗುಂಟೆಗೆ ಒಂದು ಎಕರೆ. 1.39ಕ್ಕೆ 0.02 ಕೂಡಿಸು ಅಂದ್ರೆ ನಮ್ಮಪ್ಪ ಬೆರಳು ಕೂಡ ಎಣಿಸದೆ 2.01 ಅಂತಾರೆ. ಕಂಪ್ಯೂಟರಿಗೆ ಅದನ್ನ ದಶಮಾಂಶ ಸಂಖ್ಯೆ ಅಂತ ಕೊಟ್ಟರೆ 1.41 ಅಂತದೆ. ಎರಡೂ ತಮ್ಮ ತಮ್ಮ ಲೆಕ್ಕದಲ್ಲಿ ಸರಿ!

ಈಗ ಈ 2.20ನ್ನ ಒಂದು ಸಿಸ್ಟಂನಿಂದ ಇನ್ನೊಂದಕ್ಕೆ ಕಳಿಸಿದ್ವಿ ಅನ್ಕೊಳ್ಳಿ. ಕೋರ್ಬಾ ಆಗಲಿ, ಸೋಪ್ ಆಗಲಿ, ಜೇಸನ್ ಆಗಲಿ, ಒಂದು ಬಿಟ್ ಕೂಡ ತಪ್ಪದೆ 2.20 ಅಂತಲೇ ತಲುಪಿಸ್ತವೆ. ಆ ಕಡೆಯ ಸಿಸ್ಟಂ ಅದನ್ನ 2.2 ಎಕರೆ ಅಂತ ಓದಿ ಹೆಕ್ಟೇರಿಗೆ ಬದಲಿಸಿದ್ರೆ 0.89 ಬರುತ್ತೆ. ಸರಿಯಾಗಿ ಓದಿದ್ರೆ 1.01. ಸರ್ಕಾರದ ಲೆಕ್ಕದಲ್ಲಿ ಒಂದು ಹೆಕ್ಟೇರ್ ತನಕ ಅತಿಸಣ್ಣ ರೈತ, ಅದರ ಮೇಲೆ ಎರಡು ಹೆಕ್ಟೇರ್ ತನಕ ಸಣ್ಣ ರೈತ. ಒಂದೇ ಹೊಲ, ಒಂದೇ ಮನುಷ್ಯ, ಒಂದು ಚುಕ್ಕೆಯ ಅರ್ಥ ಬದಲಾದದ್ದಕ್ಕೆ ಬೇರೆ ಗುಂಪಿಗೆ ಬಿದ್ದ. 12 ಗುಂಟೆ ಜಮೀನು ಗಾಳಿಯಲ್ಲಿ ಮಾಯ. ನಡುವಿನ ಮಿಡ್ಲ್‌ವೇರ್ ಲಾಗ್ ತೆಗೆದು ನೋಡಿದ್ರೆ ಎಲ್ಲಾ ಹಸಿರು, ಎಲ್ಲಾ ಸಕ್ಸಸ್.

ಹೆಸರಿನದ್ದೂ ಇದೇ ಪಾಡು. ನಮ್ಮ ಕಡೆ ಪಹಣಿಯಲ್ಲಿ "ಬಸಪ್ಪ ತಂದೆ ಹನುಮಪ್ಪ" ಅಂತ ಬರೀತಾರೆ, ಹಳೇ ಮೈಸೂರು ಕಡೆ ಅದೇ "ಬಿನ್" ಆಗುತ್ತೆ. ಆಧಾರ್ ಕಾರ್ಡಿನಲ್ಲಿ ಅವನೇ ಬಸವರಾಜ್ ಆಗಿರ್ತಾನೆ. ಯೂನಿಕೋಡ್ ಅಕ್ಷರಗಳನ್ನ ಒಂದು ಮಾಡಿತು, ಬಸಪ್ಪನನ್ನ ಒಬ್ಬನನ್ನಾಗಿ ಮಾಡಲಿಲ್ಲ. ಅಷ್ಟೇ ಯಾಕೆ, "ಸಾಫ್ಟ್‌ವೇರ್" ಅನ್ನೋ ಪದದಲ್ಲಿ ಟ ಒತ್ತಿನ ಮುಂದೆ ಇರೋ ಕಣ್ಣಿಗೆ ಕಾಣದ ಆ ಜೋಡಣೆ ತಡೆಯೋ ಅಕ್ಷರ ಗೊತ್ತಲ್ಲ ನಿಮಗೆ? ಅಂಥದ್ದೊಂದು ಹೆಸರಿನ ಕೊನೆಯಲ್ಲಿ ಸುಮ್ನೆ ಕೂತಿದ್ರೆ, ನೋಡೋಕೆ ಥೇಟ್ ಒಂದೇ ಥರ ಇರೋ ಎರಡು ಹೆಸರು ಕಂಪ್ಯೂಟರಿಗೆ ಬೇರೆ ಬೇರೆ. ಹುಡುಕಿದ್ರೆ ಸಿಗಲ್ಲ. ಪಹಣಿಗೆ ಆಧಾರ್ ಜೋಡಿಸೋ ಕೆಲಸ 2024ರಲ್ಲಿ ರಾಜ್ಯದಲ್ಲಿ ಜೋರಾಗಿ ನಡೆದಾಗ, ತೀರಿಹೋದ ಅಜ್ಜನ ಹೆಸರಿನಲ್ಲೇ ಉಳಿದ ಪಹಣಿಗಳು ಎಷ್ಟು ಅಂತ ಊರೂರಲ್ಲಿ ಎದ್ದು ಕಂಡಿತು. ಅದು ಯಾವ ಪ್ರೋಟೋಕಾಲೂ ಬಗೆಹರಿಸೋ ಸಮಸ್ಯೆ ಅಲ್ಲ.

ಎರಡನೇ ತೊಂದರೆ ಇನ್ನೂ ಆಳದ್ದು. "ಆ ಕಡೆ ಇರೋ ಆಬ್ಜೆಕ್ಟ್ ಇನ್ನೂ ಬದುಕಿದೆಯಾ?" ಅನ್ನೋ ಪ್ರಶ್ನೆಗೇ ಈ ಮೂರು ಮಾದರಿಗಳ ಉತ್ತರ ಬೇರೆ ಬೇರೆ. ಡಿಕಾಮ್‌ನಲ್ಲಿ ಎರಡು ನಿಮಿಷಕ್ಕೊಮ್ಮೆ "ಇದ್ದೀನಿ" ಅಂತ ಪಿಂಗ್ ಹೋಗಬೇಕು, ಮೂರು ಸಲ ತಪ್ಪಿದ್ರೆ ಆ ಗಿರಾಕಿ ಸತ್ತ ಅಂತ ಲೆಕ್ಕ. ಆರ್‌ಎಂಐನಲ್ಲಿ ಹತ್ತು ನಿಮಿಷದ ಗೇಣಿ, ಮುಗಿಯೋದರೊಳಗೆ ನವೀಕರಿಸಬೇಕು. ಕೋರ್ಬಾದಲ್ಲಿ ಇದ್ಯಾವುದೂ ಇಲ್ಲ, ಆಬ್ಜೆಕ್ಟ್ ಇರಬೇಕೋ ಹೋಗಬೇಕೋ ಅನ್ನೋದು ಸರ್ವರ್ ಬರೆದೋನ ಇಷ್ಟ. ಈ ಮೂರರ ನಡುವೆ ಸೇತುವೆ ಕಟ್ಟೋ ಬಡಪಾಯಿ ಯಾರ ಮಾತು ನಂಬಬೇಕು? ಸೇತುವೆ ಪಿಂಗ್ ಮಾಡ್ತಾನೇ ಇರುತ್ತೆ, ಅದರ ಹಿಂದಿನ ಗಿರಾಕಿ ಯಾವತ್ತೋ ಮನೆಗೆ ಹೋಗಿರ್ತಾನೆ.

ಇದರಲ್ಲಿ ನನಗೆ ಅತಿ ಇಷ್ಟವಾದ ವಿಷಯ ಒಂದಿದೆ. ಕೋರ್ಬಾದಲ್ಲಿ ಕರೆ ಕೆಟ್ಟುಹೋದಾಗ ಬರೋ ದೋಷದ ಜೊತೆಗೆ ಕೆಲಸ ಏನಾಯ್ತು ಅಂತ ಹೇಳೋ ಒಂದು ಗುರುತು ಬರುತ್ತೆ. ಅದಕ್ಕೆ ಮೂರು ಬೆಲೆ: ಆಗಿದೆ, ಆಗಿಲ್ಲ, ಆಗಿರಬಹುದು. ಆ ಮೂರನೇದಕ್ಕೆ ಅಧಿಕೃತ ಹೆಸರೇ "ಕಂಪ್ಲೀಟೆಡ್ ಮೇಬಿ". ಮೊದಲ ಸಲ ನೋಡಿದಾಗ ಒಬ್ಬನೇ ಕೂತು ನಕ್ಕಿದ್ದೆ. ಥೇಟ್ ಸರ್ಕಾರಿ ಕಚೇರಿಯ ಉತ್ತರ! "ಆಗಿರಬೌದ್ರೀ, ಮುಂದಿನ ವಾರ ಬಂದ್ ನೋಡ್ರಿ."

ಯೋಚನೆ ಮಾಡಿದ್ರೆ ಅಷ್ಟು ಪ್ರಾಮಾಣಿಕ ಉತ್ತರ ಇನ್ನೊಂದಿಲ್ಲ. ನಾವು ಕಳಿಸಿದ ಕೋರಿಕೆ ಆ ಕಡೆ ತಲುಪಿತು, ಕೆಲಸವೂ ಆಯ್ತು, ಉತ್ತರ ವಾಪಸ್ ಬರುವಾಗ ಲೈನ್ ಕಟ್ಟಾಯ್ತು ಅಂತಿಟ್ಟುಕೊಳ್ಳಿ. ಅಥವಾ ಕೋರಿಕೆನೇ ತಲುಪಿಲ್ಲ ಅನ್ಕೊಳ್ಳಿ. ನಮ್ಮ ಕಡೆಯಿಂದ ನೋಡಿದ್ರೆ ಎರಡೂ ಒಂದೇ ಥರ ಕಾಣ್ತವೆ. ಒಂದೇ ಕಂಪ್ಯೂಟರಿನ ಒಳಗೆ ಒಂದು ಫಂಕ್ಷನ್ ಕರೆಯೋವಾಗ ಇಂಥಾ ಪರಿಸ್ಥಿತಿ ಬರೋದೇ ಇಲ್ಲ. ಸನ್ ಕಂಪನಿಯ ಜಿಮ್ ವಾಲ್ಡೊ ಮತ್ತು ಅವರ ಜೊತೆಗಾರರು 1994ರಲ್ಲೇ ಒಂದು ಪ್ರಬಂಧ ಬರೆದು ಇದನ್ನ ಎಚ್ಚರಿಸಿದ್ರು: ಹತ್ತಿರದ ಆಬ್ಜೆಕ್ಟು ಮತ್ತು ದೂರದ ಆಬ್ಜೆಕ್ಟು ಮೂಲದಲ್ಲೇ ಬೇರೆ, ಎರಡನ್ನೂ ಒಂದೇ ಥರ ತೋರಿಸೋ ಪ್ರಯತ್ನ ಕೈಕೊಡುತ್ತೆ ಅಂತ. ಆದ್ರೂ ನಾವು ಸೇತುವೆ ಕಟ್ಟುವಾಗ ಮೊದಲು ಎಸೆಯೋದೇ ಆ "ಆಗಿರಬಹುದು" ಅನ್ನೋದನ್ನ. ಆ ಕಡೆಯ ಮಾದರಿಯಲ್ಲಿ ಅದಕ್ಕೆ ಜಾಗ ಇಲ್ಲ ಅಂತ "ಫೇಲ್" ಅಂತ ಬರೆದು ಕೈ ತೊಳಕೋತೀವಿ. ಫೇಲ್ ಅಂದ ಮೇಲೆ ಮತ್ತೆ ಕಳಿಸ್ತಾರೆ, ಕೆಲಸ ಎರಡು ಸಲ ಆಗುತ್ತೆ.

ಇದನ್ನ ನಮ್ಮ ಊರಿನ ಕಡೆಗೆ ತರ್ತೀನಿ. 2000ದ ಸುಮಾರಿಗೆ ಶುರುವಾದ ಭೂಮಿ ಯೋಜನೆ ನಿಮಗೆಲ್ಲಾ ಗೊತ್ತು. ಅದಕ್ಕೂ ಮುಂಚೆ ಪಹಣಿ ಅಂದ್ರೆ ಸುಮಾರು 9,000 ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕ. ಸುಮಾರು 67 ಲಕ್ಷ ರೈತರ ಎರಡು ಕೋಟಿಯಷ್ಟು ದಾಖಲೆ ಕಂಪ್ಯೂಟರಿಗೆ ಹೋಯ್ತು, 15 ರೂಪಾಯಿಗೆ ಪಹಣಿ ಪ್ರಿಂಟ್ ಸಿಗೋ ಹಾಗಾಯ್ತು. ಸಾಫ್ಟ್‌ವೇರ್ ಮಾಡಿದ್ದು ಎನ್‌ಐಸಿ. ಇತ್ತ ಜಮೀನು ಖರೀದಿ ನೋಂದಣಿ ಆಗೋ ಸಬ್ ರಿಜಿಸ್ಟ್ರಾರ್ ಕಚೇರಿಗಳಿಗೆ 2003ರಿಂದ ಕಾವೇರಿ ಅನ್ನೋ ಬೇರೆ ಸಾಫ್ಟ್‌ವೇರ್ ಬಂತು, ಅದನ್ನ ಮಾಡಿದ್ದು ಸಿಡಾಕ್. ಸರ್ವೆ ಇಲಾಖೆಗೆ ಮೋಜಿಣಿ ಅಂತ ಮೂರನೇದು. ಮೂರೂ ಒಂದೇ ಹೊಲದ ಬಗ್ಗೆ ಮಾತಾಡ್ತವೆ: ಯಾರದ್ದು, ಯಾರಿಗೆ ಮಾರಿದ್ರು, ಗಡಿ ಎಲ್ಲಿ.

ಇವು ಒಂದಕ್ಕೊಂದು ಸೇರೋ ಮುಂಚೆ, ಖರೀದಿ ನೋಂದಣಿ ಆದ ಮೇಲೆ ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಜೆ ಸ್ಲಿಪ್ ಅನ್ನೋ ಕಾಗದ ತಹಶೀಲ್ದಾರ್ ಕಚೇರಿಗೆ ಹೋಗಬೇಕಿತ್ತು. ಅದು ಹೋದ ಮೇಲೆ ಮ್ಯುಟೇಶನ್, ಆಮೇಲೆ ಪಹಣಿಯ 9ನೇ ಕಾಲಂನಲ್ಲಿ ಹೊಸ ಹೆಸರು. ಕಾಗದ ತಡವಾದ್ರೆ? ದುಡ್ಡು ಕೊಟ್ಟು ಹೊಲ ಕೊಂಡವನ ಹೆಸರು ಪಹಣಿಯಲ್ಲಿಲ್ಲ. ಹೆಸರಿಲ್ಲ ಅಂದ್ರೆ ಬೆಳೆ ಸಾಲ ಇಲ್ಲ, ಪರಿಹಾರ ಬಂದ್ರೆ ಹಳೇ ಮಾಲೀಕನ ಲೆಕ್ಕಕ್ಕೆ. ಆದ್ದರಿಂದ ರೈತನೇ ಈ ಕಚೇರಿಯಿಂದ ಆ ಕಚೇರಿಗೆ ಓಡಾಡಿ, "ಸಾಹೇಬ್ರ, ನಮ್ ಕಾಗದ ಬಂತೇನ್ರಿ?" ಅಂತ ಕೇಳಬೇಕಿತ್ತು. ಆವಾಗ ಮಿಡ್ಲ್‌ವೇರ್ ಅಂದ್ರೆ ಅವನೇ. ಚಪ್ಪಲಿ ಸವೆಸೋ ಮಿಡ್ಲ್‌ವೇರ್.

ಆಮೇಲೆ ಭೂಮಿ ಮತ್ತು ಕಾವೇರಿಯನ್ನ ಜೋಡಿಸಿದ್ರು. ಈಗ ನೋಂದಣಿ ಆದ ಕೂಡಲೇ ಮಾಹಿತಿ ಆನ್‌ಲೈನಿನಲ್ಲೇ ಹೋಗಿ ಮ್ಯುಟೇಶನ್ ತಾನಾಗೇ ಶುರುವಾಗುತ್ತೆ. ಹೊಲದ ಒಂದು ಭಾಗ ಮಾತ್ರ ಮಾರೋದಾದ್ರೆ ಸರ್ವೆಯವರ 11ಇ ನಕ್ಷೆ ಮೊದಲೇ ಬೇಕು. ಇದು ನಿಜವಾಗ್ಲೂ ದೊಡ್ಡ ಕೆಲಸ, ಮಾಡಿದವರಿಗೆ ಒಂದು ನಮಸ್ಕಾರ. ಇಲ್ಲಿ ಗಮನಿಸಬೇಕಾದ್ದು ಏನಂದ್ರೆ, ಮೂರೂ ಸೇರಿ ಒಂದು ಸಿಸ್ಟಂ ಆಗಲಿಲ್ಲ. ನೋಂದಣಿ ನೋಂದಣಿಯಾಗೇ ಇದೆ, ಮ್ಯುಟೇಶನ್ ಮ್ಯುಟೇಶನ್ನಾಗೇ ಇದೆ. ನಡುವೆ ನೋಟಿಸು, ಆಕ್ಷೇಪಣೆಗೆ ಗಡುವು ಎಲ್ಲಾ ಉಳಿದಿದೆ. "ಮಾರಿದ್ದಾಯ್ತು" ಅನ್ನೋದು ಒಂದು ಸಂಗತಿ, "ಹಕ್ಕು ದಾಖಲಾಯ್ತು" ಅನ್ನೋದು ಇನ್ನೊಂದು, ಎರಡರ ನಡುವೆ ಅಕ್ಕತಂಗಿಯರು ಬಂದು "ನಮ್ಮ ಪಾಲು ಎಲ್ಲಿ" ಅಂತ ಕೇಳೋಕೆ ಜಾಗ ಇರಬೇಕು. ಎರಡನ್ನೂ ಒಂದೇ ಫಂಕ್ಷನ್ ಕಾಲ್ ಮಾಡಿಬಿಟ್ಟಿದ್ರೆ ಆ ಜಾಗ ಇರ್ತಿರಲಿಲ್ಲ.

ಅದಕ್ಕೇ ನನಗೆ ಅನ್ನಿಸೋದು, ಹಳೇ ಗುಮಾಸ್ತರಿಗೆ ಡಿಸ್ಟ್ರಿಬ್ಯೂಟೆಡ್ ಸಿಸ್ಟಂ ನಮಗಿಂತ ಚೆನ್ನಾಗಿ ಅರ್ಥ ಆಗಿತ್ತು. ಪ್ರತಿ ಕಚೇರಿಯಲ್ಲೂ ಆವಕ-ಜಾವಕ ರಿಜಿಸ್ಟರ್ ಇರ್ತಿತ್ತು. ಹೋದ ಪತ್ರಕ್ಕೆ ಒಂದು ನಂಬರ್, ಬಂದ ಪತ್ರಕ್ಕೆ ಒಂದು ನಂಬರ್, ಮುಟ್ಟಿದ್ದಕ್ಕೆ ಸಹಿ. ಉತ್ತರ ಬರದಿದ್ರೆ ಅದೇ ನಂಬರ್ ಉಲ್ಲೇಖಿಸಿ ಜ್ಞಾಪನ ಪತ್ರ. ಜ್ಞಾಪನ ಪತ್ರ ಬಂತು ಅಂತ ಯಾವ ಗುಮಾಸ್ತನೂ ಅದೇ ಕೆಲಸ ಎರಡನೇ ಸಲ ಮಾಡ್ತಿರಲಿಲ್ಲ, ನಂಬರ್ ನೋಡಿ "ಇದು ಆಗಿದೆ" ಅಂತ ತಿಳಿಸ್ತಿದ್ದ. ಪಕ್ಕದ ಆಫೀಸು ತನ್ನ ಟೇಬಲ್ಲಿನ ಡ್ರಾಯರ್ ಅಂತ ಯಾವ ಗುಮಾಸ್ತನೂ ಅಂದುಕೊಂಡಿರಲಿಲ್ಲ. ಹಾಗೆ ಅಂದುಕೊಂಡೋರು ನಾವು, ಇಂಜಿನಿಯರುಗಳು.

ಆದ್ದರಿಂದ ಎರಡು ಮಾದರಿಗಳನ್ನ ಜೋಡಿಸೋ ಕೆಲಸ ಬಂದಾಗಲೆಲ್ಲಾ ನಾನು ಮೂರು ವಿಷಯಕ್ಕೆ ಹಟ ಹಿಡೀತೀನಿ.

ಒಂದು, ಒಪ್ಪಂದದಲ್ಲಿ ಅರ್ಥ ಬರೀರಿ. "ಅಳತೆ: ದಶಮಾಂಶ ಸಂಖ್ಯೆ" ಅಂತ ಬರೆದು ಬಿಡಬೇಡಿ. ಎಕರೆ ಬೇರೆ ಕಾಲಂ, ಗುಂಟೆ ಬೇರೆ ಕಾಲಂ, ಗುಂಟೆ 39 ದಾಟಬಾರದು ಅಂತ ಬರೀರಿ. ಐಡಿಎಲ್ ಆಗಲಿ ಜೇಸನ್ ಆಗಲಿ ಬರೀ ಆಕಾರ ಹೇಳುತ್ತೆ, ಅರ್ಥ ಹೇಳಬೇಕಾದೋರು ಆ ಕೆಲಸ ಬಲ್ಲ ಮನುಷ್ಯರು. ಅಂಥವರನ್ನ ಮೀಟಿಂಗಿಗೆ ಕರೀರಿ.

ಎರಡು, ಪ್ರತಿ ಕೋರಿಕೆಗೂ ಒಂದು ನಂಬರ್ ಕೊಡಿ, ಅದೇ ನಂಬರ್ ಮತ್ತೆ ಬಂದ್ರೆ ಕೆಲಸ ಮತ್ತೆ ಮಾಡದೆ ಹಳೇ ಉತ್ತರವನ್ನೇ ಕೊಡಿ. ಆವಾಗ "ಆಗಿರಬಹುದು" ಅನ್ನೋದಕ್ಕೆ ಹೆದರಬೇಕಿಲ್ಲ, ಧೈರ್ಯವಾಗಿ ಮತ್ತೆ ಕೇಳಬಹುದು.

ಮೂರು, ಗೊತ್ತಿಲ್ಲದ್ದನ್ನ ಪರದೆ ಮೇಲೆ ತೋರಿಸಿ. ಕೆಲಸ ಈಗ ಯಾರ ಟೇಬಲ್ ಮೇಲಿದೆ, ಎಷ್ಟು ದಿನದಿಂದ ಇದೆ ಅಂತ ಕಾಣಲಿ. 2012ರಲ್ಲಿ ಸಕಾಲ ಬಂದಾಗ ಅರ್ಜಿಗೆ ಜಿಎಸ್‌ಸಿ ನಂಬರ್, ಒಂದು ಗಡುವು ಅಂತ ಕೊಟ್ಟರಲ್ಲ, ಆ ಯೋಚನೆ ಸರಿಯಾದದ್ದು. ಅಂಥಾ ನಂಬರ್ ಒಂದು ಸಾಫ್ಟ್‌ವೇರಿನಿಂದ ಇನ್ನೊಂದಕ್ಕೆ ದಾಟುವಾಗಲೂ ಜೊತೆಗೇ ಹೋಗಬೇಕು, ನಡುವೆ ಕಳಚಿ ಬೀಳಬಾರದು.

ಇದಕ್ಕೆ ನನ್ನ ಗೆಳೆಯರು ಹೇಳೋ ಎದುರು ಮಾತೂ ಇದೆ. "ಎಲ್ಲದಕ್ಕೂ ಪತ್ರ ಬರೆದು ಕಾಯ್ತಾ ಕೂತ್ರೆ ಕಂಪ್ಯೂಟರ್ ಯಾಕೆ ಬೇಕಿತ್ತು? ನೇರವಾಗಿ ಕೇಳಿ ತಕ್ಷಣ ಉತ್ತರ ತಗೊಳ್ಳೋದು ಒಳ್ಳೇದಲ್ವಾ?" ಒಪ್ತೀನಿ, ಒಂದು ಮಿತಿಯಲ್ಲಿ. ಬರೀ ಓದೋ ಪ್ರಶ್ನೆಗೆ ನೇರ ಕರೆನೇ ಸರಿ. ನೋಂದಣಿ ಮಾಡೋ ಮುಂಚೆ ಪಹಣಿಯಲ್ಲಿ ಮಾಲೀಕ ಯಾರು, 11ನೇ ಕಾಲಂನಲ್ಲಿ ಬ್ಯಾಂಕಿನ ಸಾಲ ಇದೆಯಾ ಅಂತ ಆ ಕ್ಷಣದಲ್ಲೇ ನೋಡಬೇಕು. ಉತ್ತರ ಬರದಿದ್ರೆ ಮತ್ತೆ ಕೇಳಿದ್ರಾಯ್ತು, ಯಾರ ಗಂಟೂ ಹೋಗಲ್ಲ. ಆದ್ರೆ ಯಾರದೋ ಹಕ್ಕು ಬದಲಾಯಿಸೋ ಕೆಲಸಕ್ಕೆ ನಂಬರ್ ಹಾಕಿದ ಪತ್ರವೇ ಬೇಕು. ಬರೆಯೋದು ಮತ್ತು ಓದೋದು ಎರಡಕ್ಕೂ ಒಂದೇ ವೇಷ ಹಾಕಿದ್ದೇ ಆ ಡಿಸ್ಟ್ರಿಬ್ಯೂಟೆಡ್ ಆಬ್ಜೆಕ್ಟ್ ಮಾದರಿಗಳ ದೊಡ್ಡ ದೋಷ ಅಂತ ನನ್ನ ಅಭಿಪ್ರಾಯ.

ಇನ್ನೊಂದು ಮಾತು ಕೇಳಿಬರುತ್ತೆ, "ಎಲ್ಲಾ ಕಿತ್ತುಹಾಕಿ ಒಂದೇ ದೊಡ್ಡ ಸಿಸ್ಟಂ ಮಾಡಿಬಿಡಿ." ನಮ್ಮ ರಾಯಚೂರು ಜಿಲ್ಲೆ 1948ರ ತನಕ ನಿಜಾಮರ ಆಡಳಿತದಲ್ಲಿ, ಆಮೇಲೆ 1956ರ ತನಕ ಹೈದರಾಬಾದ್ ರಾಜ್ಯದಲ್ಲಿ ಇತ್ತು. ಹಳೇ ದಾಖಲೆಗಳಲ್ಲಿ ಉರ್ದು ಇದೆ, 1954-55ರ ಖಾಸ್ರಾ ಪಹಣಿ ಇವತ್ತಿಗೂ ಜಮೀನು ವ್ಯಾಜ್ಯಗಳಲ್ಲಿ ಮೇಲೆ ಬರುತ್ತೆ. ಮಾನ್ವಿಯಿಂದ ಸಿರವಾರ ಬೇರೆ ತಾಲ್ಲೂಕಾಯ್ತು. ಆಡಳಿತ ಬದಲಾಗುತ್ತೆ, ಭಾಷೆ ಬದಲಾಗುತ್ತೆ, ಗಡಿ ಬದಲಾಗುತ್ತೆ, ಹಳೇ ದಾಖಲೆ ಮಾತ್ರ ಪಕ್ಕದಲ್ಲೇ ಉಳಿಯುತ್ತೆ. ಒಂದೇ ಮಾದರಿ ಎಲ್ಲವನ್ನೂ ನುಂಗೋ ದಿನ ಬರಲ್ಲ. ಬೇರೆಯಾಗೇ ಇದ್ದು ಒಬ್ಬರಿಗೊಬ್ಬರು ಸರಿಯಾಗಿ ಕಾಗದ ಬರೆಯೋದನ್ನ ಕಲೀಬೇಕು, ಅಷ್ಟೇ.

ಸೀಮ್‌ಲೆಸ್ ಅಂತ ಒಂದು ಪದ ಇದೆ ನಮ್ಮ ಕಂಪನಿಗಳ ಪವರ್‌ಪಾಯಿಂಟಿನಲ್ಲಿ. ಹೊಲಿಗೆ ಕಾಣದ ಹಾಗೆ ಜೋಡಿಸ್ತೀವಿ ಅಂತ. ನಮ್ಮಮ್ಮ ಕೌದಿ ಹೊಲಿಯೋದನ್ನ ನೋಡಿ ಬೆಳೆದೋನು ನಾನು. ಹಳೇ ಸೀರೆ, ಹಳೇ ಧೋತರ ಸೇರಿಸಿ ಹೊಲಿದಾಗ ಹೊಲಿಗೆ ಎದ್ದು ಕಾಣುತ್ತೆ. ಎಲ್ಲಿ ಬಿಚ್ಚಿದೆ ಅಂತ ಕಂಡ್ರೆ ತಾನೇ ಮತ್ತೆ ಹೊಲಿಯೋದು?

ಸರಿ, ಬಹಳ ಉದ್ದ ಆಯ್ತು. ನಿಮ್ಮ ಆಫೀಸಿನಲ್ಲಿ, ಬ್ಯಾಂಕಿನಲ್ಲಿ, ಊರಿನ ಕಚೇರಿಯಲ್ಲಿ ಹೀಗೆ ಎರಡು ಕಂಪ್ಯೂಟರುಗಳ ನಡುವೆ ನೀವೇ ಕಾಗದ ಹೊತ್ತು ಓಡಾಡಿದ್ದಿದ್ರೆ ಕಾಮೆಂಟಿನಲ್ಲಿ ಬರೀರಿ. ಇಂಜಿನಿಯರುಗಳು ಜಗಳಕ್ಕೆ ಬಂದ್ರೂ ಸಂತೋಷ. ಆದ್ರೆ ಬರೋ ಮುಂಚೆ 1.39ಕ್ಕೆ 0.02 ಕೂಡಿಸಿಕೊಂಡು ಬನ್ನಿ :)